ಸಹಾಯ ಬೇಕು: ಮೆಟ್ರೊನಿಡಜೋಲ್ ಒಗ್ಗದಿದ್ದರೆ ಬೇರೆ ಯಾವ ಔಷಧಿ?

ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿ ಬರುವ ತೊಂದರೆ) ಎಂದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ ವೈದ್ಯರು ನನಗೆ ಮೆಟ್ರೊನಿಡಜೋಲ್ 400 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆರಡರಂತೆ 7 ದಿನಕ್ಕೆ ಬರೆದುಕೊಟ್ಟಿದ್ದರು. ಆದರೆ ಮೂರನೆಯ ದಿನಕ್ಕೇ ಬಾಯಿಯೆಲ್ಲ ಕಬ್ಬಿಣ ನೆಕ್ಕಿದಂತಾಗಿ, ತಿಳಿಸಾರನ್ನವೂ ಹೊಟ್ಟೆಯಲ್ಲಿ ನಿಲ್ಲದೆ ವಾಂತಿಯಾಗತೊಡಗಿದ್ದರಿಂದ ನಿಲ್ಲಿಸಬೇಕಾಯಿತು. ಮೀನಿನ ವಾಸನೆಯ ತೆಳು ಸ್ರಾವ ಹಾಗೆಯೇ ಇದೆ. ಔಷಧಿ ಅಂಗಡಿಯವರು ಕ್ಲೋಟ್ರಿಮಜೋಲ್ ಕೊಡಲು ಬಂದರು. ಅದು ಶಿಲೀಂಧ್ರದ ಸೋಂಕಿಗೆ ಕೊಡುವಂಥದ್ದಾದ್ದರಿಂದ ಬೇಡವೆಂದೆ.

ರಾತ್ರಿ ಮಲಗುವಾಗ 7 ದಿನ ಯೋನಿಯೊಳಗೆ ಹಾಕಿಕೊಳ್ಳುವ ಕ್ಲಿಂಡಾಮೈಸಿನ್ 2% ಕ್ರೀಮ್ ಪರ್ಯಾಯವೆಂದೂ, ಅದು ಲೇಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುತ್ತದೆಂದೂ ಓದಿದ್ದೇನೆ. ಗುರುವಾರ ವೈದ್ಯರನ್ನು ಮತ್ತೆ ಕಾಣಲಿದ್ದೇನೆ. ಅದನ್ನು ಬಳಸಿದವರಿಗೆ ಉರಿ, ತುರಿಕೆ ಏನಾದರೂ ಕಾಣಿಸಿತೇ, ಮುಟ್ಟಿನ ದಿನಗಳು ನಡುವೆ ಬಂದರೆ ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.