ಅಧ್ಯಕ್ಷರು ಸೆಲೆಕ್ಟೆಡ್ಡೋ, ಎಲೆಕ್ಟೆಡ್ಡೋ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ನಾನು. ಸಂಘಕ್ಕೆ ಹೊಸ ಅಧ್ಯಕ್ಷರು ಬಂದಿದ್ದಾರೆ. ಚೆಕ್ಕಿಗೆ ಇನ್ನು ಅವರ ಸಹಿ ಆಗಬೇಕು, ಅದಕ್ಕೆ ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಪತ್ರ ಕೊಡಬೇಕು. ‘ಸೆಲೆಕ್ಟೆಡ್ ಆಸ್ ಪ್ರೆಸಿಡೆಂಟ್’ ಅಂತ ಬರೆದಿದ್ದೇನೆ. ಮಗಳು ‘ಎಲೆಕ್ಟೆಡ್’ ಅನ್ನಬೇಕು ಅಂತಾಳೆ. ಆದರೆ ಮತದಾನವೇ ನಡೆದಿಲ್ಲ, ಬಂದದ್ದು ಒಂದೇ ನಾಮಪತ್ರ. ಯಾವುದು ಸರಿ?

ಉತ್ತರ (ಪದವಿ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕಿ): ಮಗಳು ಹೇಳಿದ್ದೇ ಸರಿ. ನಮ್ಮನ್ನು ದಾರಿ ತಪ್ಪಿಸುವುದು ‘ಆಯ್ಕೆ’ ಎಂಬ ಮಾತು. ಪೊಲೀಸ್ ಕೆಲಸಕ್ಕೂ ಆಯ್ಕೆ, ರಣಜಿ ತಂಡಕ್ಕೂ ಆಯ್ಕೆ, ಪಂಚಾಯ್ತಿಗೂ ಆಯ್ಕೆ. ಇಂಗ್ಲಿಷಿನಲ್ಲಿ ಮೊದಲೆರಡು ಸೆಲೆಕ್ಟ್: ಸಮಿತಿಯೊಂದು ಕೂತು ಅರ್ಹತೆ ನೋಡಿ ಆರಿಸುತ್ತದೆ. ಎಲೆಕ್ಟ್ ಅನ್ನಬೇಕಾದರೆ ಮತದ ಹಕ್ಕುಳ್ಳವರು ತಮ್ಮ ಪ್ರತಿನಿಧಿಯನ್ನೋ ಪದಾಧಿಕಾರಿಯನ್ನೋ ಆರಿಸಬೇಕು.

ಮತ ಹಾಕುವ ಪ್ರಮೇಯ ಬರಲಿಲ್ಲ ಅಂದಮಾತ್ರಕ್ಕೆ ಅದು ಸೆಲೆಕ್ಷನ್ ಆಗುವುದಿಲ್ಲ. ಶಾಸಕ, ಸಂಸದರ ಚುನಾವಣೆಗೆ ಇರುವ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 53ನೇ ಸೆಕ್ಷನ್ ನೋಡಿ. ಕಣದಲ್ಲಿ ಉಳಿದವರು ಸ್ಥಾನಗಳಷ್ಟೇ ಇದ್ದರೆ ಚುನಾವಣಾಧಿಕಾರಿ ಅವರನ್ನು ಕೂಡಲೇ ‘ಡ್ಯೂಲಿ ಎಲೆಕ್ಟೆಡ್’ ಎಂದು ಘೋಷಿಸಬೇಕು. ನಿಮ್ಮ ಸಂಘ ನಡೆಯುವುದು ಸಹಕಾರ ಕಾಯ್ದೆಯಡಿ, ಆದರೂ ಪದ ಇದೇ.

ಹೀಗೆ ಬರೆಯಿರಿ: ‘ವಾಸ್ ಎಲೆಕ್ಟೆಡ್ ಪ್ರೆಸಿಡೆಂಟ್ ಆಫ್ ದ ಸೊಸೈಟಿ’. ‘ಆಸ್’ ಬೇಕಿಲ್ಲ, ಇದ್ದರೂ ತಪ್ಪಲ್ಲ. ಹುದ್ದೆಯ ಬದಲು ಸದನದ್ದೋ ಮಂಡಳಿಯದ್ದೋ ಹೆಸರು ಬಂದರೆ ‘ಟು’, ಕ್ಷೇತ್ರಕ್ಕೆ ‘ಫ್ರಂ’. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ‘ವಾಸ್ ಎಲೆಕ್ಟೆಡ್ ಟು ದ ಲೋಕಸಭಾ ಫ್ರಂ ಚಿಕ್ಕಮಗಳೂರು’.

ಪ್ರಶ್ನೆ (ಕೆಎಎಸ್‌ಗೆ ಓದುತ್ತಿರುವವರು): ಹಾಗಾದರೆ ಪ್ರಧಾನಿ ಎಲೆಕ್ಟೆಡ್ ತಾನೇ ಮೇಡಂ?

ಉತ್ತರ: ಟಿವಿಯವರು ಹಾಗನ್ನುತ್ತಾರೆ. ಪರೀಕ್ಷೆಯಲ್ಲಿ ನೀವು ಬರೆಯಬೇಡಿ! ಸಂವಿಧಾನದ 75ನೇ ವಿಧಿಯ ಪ್ರಕಾರ ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಅಂದರೆ ಅಪಾಯಿಂಟ್. 1996ರ ದೇವೇಗೌಡರ ಪ್ರಸಂಗ ನೆನಪಿಟ್ಟುಕೊಂಡರೆ ಸಾಕು. ಮುಖ್ಯಮಂತ್ರಿಯಾಗಿದ್ದ ಅವರನ್ನು ಸಂಯುಕ್ತ ರಂಗ ನಾಯಕನಾಗಿ ಆರಿಸಿತು, ಅಲ್ಲಿಗೆ ‘ಚೋಸ್’ ಚೆನ್ನಾಗಿ ಹೊಂದುತ್ತದೆ. ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಗೌಡರನ್ನು ಪ್ರಧಾನಿಯಾಗಿ ನೇಮಿಸಿದರು, ಅಲ್ಲಿಗೆ ‘ಅಪಾಯಿಂಟೆಡ್’. ಆಗ ಗೌಡರು ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ. ಆರು ತಿಂಗಳೊಳಗೆ ಸದಸ್ಯರಾಗಲೇಬೇಕಿತ್ತು. ಕರ್ನಾಟಕದ ಶಾಸಕರು ಅವರನ್ನು ರಾಜ್ಯಸಭೆಗೆ ಕಳಿಸಿದರಲ್ಲ, ‘ಎಲೆಕ್ಟೆಡ್’ ಬರುವುದು ಅಲ್ಲಿ. ರಾಜ್ಯಪಾಲರ ವಿಷಯದಲ್ಲಂತೂ ಎಲೆಕ್ಟ್ ಎಲ್ಲೂ ಬರುವುದಿಲ್ಲ.

ಪ್ರಶ್ನೆ: ನಾಮಿನೇಟೆಡ್?

ಉತ್ತರ: ಇಲ್ಲಿ ಕನ್ನಡವೇ ವಾಸಿ. ಅಭ್ಯರ್ಥಿ ಸಲ್ಲಿಸುವುದು ನಾಮಪತ್ರ, ಸರ್ಕಾರ ಮಾಡುವುದು ನಾಮನಿರ್ದೇಶನ, ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ನಾಮಿನೇಷನ್. ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 64 ಜನ ಎಲೆಕ್ಟೆಡ್, ರಾಜ್ಯಪಾಲರು ನಾಮನಿರ್ದೇಶನ ಮಾಡುವ 11 ಜನ ನಾಮಿನೇಟೆಡ್. ಆದರೆ ಆ 64 ಜನರೂ ನಾಮಿನೇಷನ್ ಫೈಲ್ ಮಾಡಿಯೇ ಬಂದವರು! ‘ನಾಮಿನೇಟೆಡ್ ಮೆಂಬರ್’ ಎಂದರೆ ಮಾತ್ರ ಚುನಾವಣೆಗೆ ನಿಲ್ಲದೆ ಬಂದವರು ಎಂದೇ ಅರ್ಥ.

ಪ್ರಶ್ನೆ: ‘ವನ್ ದ ಟಾಸ್ ಅಂಡ್ ಎಲೆಕ್ಟೆಡ್ ಟು ಬ್ಯಾಟ್’ ಅಂತಾರಲ್ಲ, ಅಲ್ಲಿ ಯಾರು ಓಟು ಹಾಕಿದ್ರು?

ಉತ್ತರ: ಅಲ್ಲಿ ಕ್ಯಾಪ್ಟನ್‌ದು ಒಂದೇ ಓಟು. ಎಲೆಕ್ಟ್ ಆದಮೇಲೆ ‘ಟು’ ಮತ್ತು ಕ್ರಿಯಾಪದ ಬಂದರೆ ‘ಹಾಗೆ ಮಾಡಲು ನಿರ್ಧರಿಸು’ ಎಂದಷ್ಟೇ. ಸ್ವಲ್ಪ ಗತ್ತಿನ ಪ್ರಯೋಗ. ಸಂತೆಗೆ ಹೋಗಲು ಎಲೆಕ್ಟ್ ಮಾಡಿದೆ ಅಂದರೆ ಕೇಳಿದವರು ನಗುತ್ತಾರೆ.

ಮೊದಲು ಕೇಳಿದವರು: ಮೇಡಂ, ಒಂದೇ ಒಂದು. ‘ಯುನಾನಿಮಸ್ಲಿ ಎಲೆಕ್ಟೆಡ್’ ಅಂತ ಸೇರಿಸಲಾ? ಅಧ್ಯಕ್ಷರಿಗೆ ಅದು ಇರಲಿ ಅಂತ ಆಸೆ.

ಉತ್ತರ: ಅವರ ಆಸೆ ಇರಲಿ, ನಡವಳಿ ಪುಸ್ತಕ ತೆಗೆದು ನೋಡಿ. ಯುನಾನಿಮಸ್ಲಿ ಅಂದರೆ ಸರ್ವಾನುಮತದಿಂದ, ಅನ್‌ಅಪೋಸ್ಡ್ ಅಂದರೆ ಅವಿರೋಧವಾಗಿ. ಒಂದೇ ನಾಮಪತ್ರ ಬಂದಿತ್ತು ಅಂದಿರಿ, ಹಾಗಾದರೆ ನಿಮ್ಮದು ಎರಡನೆಯದು: ‘ವಾಸ್ ಎಲೆಕ್ಟೆಡ್ ಅನ್‌ಅಪೋಸ್ಡ್’. ಪತ್ರದ ಜೊತೆ ನಡವಳಿಯ ನಕಲನ್ನೂ ಬ್ಯಾಂಕಿನವರು ಕೇಳುತ್ತಾರೆ. ಅದರಲ್ಲೊಂದು ಇದರಲ್ಲೊಂದು ಇದ್ದರೆ ನಿಮ್ಮನ್ನು ಮತ್ತೆ ಅಲೆಸುತ್ತಾರೆ.