45ರ ಪ್ಲೇಟು ಕೊಳ್ಳುವಾಗ ಏನೇನು ನೋಡಬೇಕು?

ಗದಗಿನ_ಸೂಜಿ:
ಭಾನುವಾರ ಬೆಂಗಳೂರಲ್ಲಿ ಹಳೇ ರೆಕಾರ್ಡುಗಳ ಮೇಳ ಇದೆಯಂತೆ, ಶನಿವಾರ ರಾತ್ರಿ ಹುಬ್ಬಳ್ಳಿಯಿಂದ ರೈಲು ಹತ್ತುತ್ತೇನೆ. ಹುಡುಕ್ತಿರೋದು ಎಪ್ಪತ್ತರ ದಶಕದ ಕನ್ನಡ ಸಿನಿಮಾದ ಏಳಿಂಚಿನ ಪ್ಲೇಟು, ನಿಮಿಷಕ್ಕೆ 45 ಸುತ್ತು ತಿರುಗೋದು. ಹೋದ ಸಲ ಒಬ್ಬರಿಗೆ 800 ರೂಪಾಯಿ ಕೊಟ್ಟು ತಂದೆ, ಮನೆಗೆ ಬಂದು ನೋಡಿದರೆ ಕವರ್ ಒಂದು ಸಿನಿಮಾದ್ದು, ಒಳಗಿನ ಪ್ಲೇಟು ಇನ್ನೊಂದರದ್ದು. ಈ ಸಲ ಏನು ನೋಡಲಿ?

ದುರ್ಗದಬೈಲ್_ಭಾಷಾ:
ಅಲ್ಲೇ ಹೊರಗೆ ತೆಗೆದು ನೋಡಬೇಕಿತ್ತು ಅಲ್ವಾ! ಕವರ್ ಮೇಲಿನ ನಂಬರು, ಲೇಬಲ್ ಮೇಲಿನ ನಂಬರು ಎರಡೂ ಒಂದೇ ಇರಬೇಕು. ಆಮೇಲೆ ಮೊಬೈಲ್ ಟಾರ್ಚ್ ಹಚ್ಚಿ ಪ್ಲೇಟನ್ನು ಓರೆ ಹಿಡಿಯಿರಿ. ಕೂದಲೆಳೆಯಂಥ ಗೆರೆ ಇದ್ದರೆ ಪರವಾಗಿಲ್ಲ, ಉಗುರಿಗೆ ತಾಗುವಷ್ಟು ಆಳ ಇದ್ದರೆ ಟಕ್ ಟಕ್ ಅನ್ನೋದು ಗ್ಯಾರಂಟಿ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಬಲೆಯಂತೆ ಗೀರು ಬಿದ್ದಿದ್ದರೆ ಅದನ್ನು ಸಿಕ್ಕಾಪಟ್ಟೆ ಹಾಕಿದ್ದಾರೆ ಅಂತ ಅರ್ಥ, ಮಾರೋನು "ಒಮ್ಮೆನೂ ಹಾಕಿಲ್ಲರಿ" ಅಂದರೂ ನಂಬಬೇಡಿ. ಇನ್ನೊಂದು, ನಮ್ಮಲ್ಲಿ ಸಿಗೋ ಏಳಿಂಚಿನವು ಜಾಸ್ತಿ ಇಪಿ, ಎರಡೂ ಕಡೆ ಸೇರಿ ನಾಲ್ಕು ಹಾಡು. ಅಮೆರಿಕದ ಸಿಂಗಲ್ (ಒಂದೊಂದು ಕಡೆ ಒಂದೇ ಹಾಡು) ಕೊಂಡರೆ ತೂತು ದೊಡ್ಡದಿರುತ್ತೆ, ತೂತಿಗೆ ಕೂರಿಸೋ ಅಡಾಪ್ಟರ್ ಬೇಕು.

ಸಪ್ತಾಪುರದ_ಅಜ್ಜ:
ಮೇಳಕ್ಕೆ ಹೋಗಿ, ಬೇಡ ಅನ್ನಲ್ಲ. ಆದರೆ ಮೊದಲು ನಿಮ್ಮ ಸೋದರಮಾವಂದಿರ ಅಟ್ಟ ನೋಡಿದಿರಾ? ನನಗೆ ಒಳ್ಳೆಯವು ಸಿಕ್ಕಿದ್ದೆಲ್ಲ ಧಾರವಾಡದ ಹಳೇ ಮನೆಗಳಲ್ಲೇ, ಮನೆ ಖಾಲಿ ಮಾಡುವಾಗ, ಗುಜರಿಯವನು ಬರೋದಕ್ಕೆ ಒಂದು ದಿನ ಮುಂಚೆ. ಎಲ್ಲಾದರೂ 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಕಾಲದ ಪ್ಲೇಟಿನ ಮೇಲೆ "ಗಾಂಧಾರಿ" ಅಂತ ಹೆಸರು ಕಂಡರೆ ಬಿಡಬೇಡಿ, ಅದು ನಮ್ಮ ಗಂಗೂಬಾಯಿ ಹಾನಗಲ್ ಅವರು. ಶುರುವಿನಲ್ಲಿ ರೆಕಾರ್ಡ್ ಕಂಪನಿ ಎಚ್‌ಎಂವಿ ಅವರ ಹೆಸರನ್ನು ಹಾಗೇ ಹಾಕುತ್ತಿತ್ತು. ಮತ್ತೆ ನನ್ನ ದಡ್ಡತನ ನೀವು ಮಾಡಬೇಡಿ: ಧೂಳು ಹೋಗಲಿ ಅಂತ 78ನ್ನು ಸ್ಪಿರಿಟ್‌ನಿಂದ ಒರೆಸಿದೆ. ಅದು ಅರಗಿನದ್ದು, ಕರಗಿ ಬಟ್ಟೆಗೆ ಕಪ್ಪಾಗಿ ಅಂಟಿತು, ಹಾಡು ಅಲ್ಲಿಗೆ ಮುಗೀತು.

ಹಾವೇರಿ_ಹುಡುಗ:
ಅಜ್ಜಾರ, 78ನ್ನು ಈಗಿನ ಪ್ಲೇಯರ್‌ನಲ್ಲಿ ಹಾಕಬಹುದಾ?

ಸಪ್ತಾಪುರದ_ಅಜ್ಜ:
78ರ ಸ್ಪೀಡು ಇದ್ದರೆ ಹಾಕಬಹುದು, ಸೂಜಿ ಮಾತ್ರ ಬೇರೆ. 78ರಲ್ಲಿ ಸೂಜಿ ಓಡೋ ಗೆರೆ ಅಗಲ, ಎಲ್‌ಪಿ (ಆಮೇಲೆ ಬಂದ ದೊಡ್ಡ ಪ್ಲೇಟು) ಸೂಜಿ ತಳಕ್ಕೆ ಇಳಿದು ಬರೀ ಗರಗರ ಸದ್ದು ಮಾಡುತ್ತೆ.

ಗದಗಿನ_ಸೂಜಿ:
ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ತಗೊಂಡೆ. ಮಾವನಿಗೆ ಫೋನ್ ಮಾಡಿದೆ, ಅಟ್ಟದ ಮೇಲೆ ಒಂದು ಟ್ರಂಕ್ ಇದೆಯಂತೆ, ಕೀಲಿ ಎಲ್ಲಿದೆ ಗೊತ್ತಿಲ್ಲವಂತೆ. ರೈಲ್ ಟಿಕೆಟ್ ಕ್ಯಾನ್ಸಲ್ ಮಾಡಲಾ ಅಂತ ಯೋಚನೆ ಮಾಡ್ತಿದ್ದೇನೆ.