ಮದರ್‌ಬೋರ್ಡ್ ಬದಲಿಸಿದ ಮೇಲೆ ವಿಂಡೋಸ್ ಏಳುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹೋದ ವಾರದ ಸಿಡಿಲಿಗೆ ನಮ್ಮ ಅಂಗಡಿ ಕಂಪ್ಯೂಟರಿನ ಬೋರ್ಡ್ ಸುಟ್ಟುಹೋಯಿತು. ಅದು ಎಚ್81 ಬೋರ್ಡ್, ನಾಲ್ಕನೇ ಜನರೇಶನ್ ಐ3 ಪ್ರೊಸೆಸರ್. ಈಗ ಎಚ್510 ಬೋರ್ಡ್, ಐ3 10100, 8 ಜಿಬಿ ಡಿಡಿಆರ್4 ರ‍್ಯಾಮ್ ತಂದು ನಾನೇ ಜೋಡಿಸಿದೆ. ಮೊದಲು ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಅರ್ಧ ದಿನ ರ‍್ಯಾಮ್ ತೆಗೆದು ಹಾಕಿ ಮಾಡಿದ ಮೇಲೆ ಗೊತ್ತಾಯಿತು, ಸಿಪಿಯು ಪಕ್ಕದ 8 ಪಿನ್ ಪವರ್ ಕೇಬಲ್ಲನ್ನೇ ಚುಚ್ಚಿರಲಿಲ್ಲ. ನಗಬೇಡಿ!

ಈಗ ಡಿಸ್‌ಪ್ಲೇ ಬರುತ್ತಿದೆ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಹಳೇ 240 ಜಿಬಿ ಎಸ್‌ಎಸ್‌ಡಿ ಹೆಸರೂ ಕಾಣುತ್ತದೆ. ಆದರೆ ಯಾವ ಡಿಸ್ಕಿನಿಂದ ಶುರುವಾಗಬೇಕು ಎನ್ನುವ ಬೂಟ್ ಪಟ್ಟಿ ಖಾಲಿ. ಎಸ್‌ಎಸ್‌ಡಿಯನ್ನು ತಮ್ಮನ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ, ಫೈಲ್‌ಗಳೆಲ್ಲ ಇವೆ. ಡಿಸ್ಕ್ ಎಂಬಿಆರ್ (ಪಾರ್ಟಿಶನ್ ಪಟ್ಟಿ ಇಡುವ ಹಳೇ ಪದ್ಧತಿ), ವಿಂಡೋಸ್ 10 ಹಾಕಿದ್ದು ಲೆಗಸಿ ಮೋಡ್‌ನಲ್ಲಿ, ಅಂದರೆ ಹಳೇ ರೀತಿಯ ಬೂಟ್‌ನಲ್ಲಿ. ಹಳೇ ರೀತಿಯಲ್ಲಿ ಬೂಟ್ ಮಾಡಲು ಬಿಡುವ ಸಿಎಸ್‌ಎಂ ಸೆಟ್ಟಿಂಗ್ ಆನ್ ಮಾಡೋಣ ಎಂದರೆ ಈ ಬೋರ್ಡಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಬೇಕು. ನನ್ನ ಹತ್ತಿರ ಇಲ್ಲ.

ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎಂಬಿಆರ್‌ಟುಜಿಪಿಟಿ (ಫೈಲ್ ಅಳಿಸದೆ ಡಿಸ್ಕನ್ನು ಹೊಸ ಜಿಪಿಟಿ ಪದ್ಧತಿಗೆ ಬದಲಿಸುವ ಟೂಲ್) ವ್ಯಾಲಿಡೇಟ್ ಕಮಾಂಡ್ ಕೊಟ್ಟು ಬದಲಿಸಬಹುದಾ ಎಂದು ನೋಡಿದೆ, ಫೇಲ್ ಆಯಿತು. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಜಾಸ್ತಿ ಇರಬಾರದು, ನನ್ನದರಲ್ಲಿ ನಾಲ್ಕಿವೆ: ಸಿಸ್ಟಮ್ ರಿಸರ್ವ್ಡ್, ಸಿ, ಡಿ, ಕೊನೆಗೊಂದು 500 ಎಂಬಿ ರಿಕವರಿ.

ಡಿಸ್ಕ್‌ಪಾರ್ಟ್‌ನಲ್ಲಿ (ಪಾರ್ಟಿಶನ್ ಅಳಿಸುವ, ಮಾಡುವ ವಿಂಡೋಸ್ ಟೂಲ್) ಆ ರಿಕವರಿ ಪಾರ್ಟಿಶನ್ ಅಳಿಸಿದರೆ ಸಾಕಾ, ಅಥವಾ ಸಿ ಹಾಳಾಗುತ್ತದಾ? ಇಲ್ಲಿ ಯಾರನ್ನು ಕೇಳಿದರೂ ಸುಮ್ನೆ ಫಾರ್ಮ್ಯಾಟ್ ಮಾಡಿ ಎನ್ನುತ್ತಾರೆ. ಲೆಕ್ಕದ ಫೈಲ್‌ಗಳ ಕಾಪಿ ಇಟ್ಟುಕೊಂಡಿದ್ದೇನೆ ನಿಜ, ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗ ಈಗ ಊರಲ್ಲೇ ಇಲ್ಲ. ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ. ಅಲ್ಲಿಯವರೆಗೆ ಏನನ್ನೂ ಮುಟ್ಟುವುದಿಲ್ಲ.